ಕೆಂಪಾಗಿದ್ದದ್ದು ಬೆಂಕಿಯಲ್ಲ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಪಶ್ಚಿಮ ಘಟ್ಟಕ್ಕೆ ಬೆಂಕಿ ಬಿತ್ತು. ಹಚ್ಚಿದವಳು ನಾನೇ.

ಆದದ್ದು ಇಷ್ಟು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ದೊಡ್ಡಪ್ಪನ ಮಗ ಒಂದು ಭೂಪಟ ಹಾಕಿದ. ನಾಸಾದ್ದು. ಜಗತ್ತಿನ ನಕ್ಷೆಯ ಮೇಲೆ ಭಾರತ ಮತ್ತು ಚೀನಾ ಎರಡೂ ಹೊಸ ಹುಲ್ಲು ಚಿಗುರಿದ ಹಾಗೆ ಹಸಿರು. ಕೆಳಗೆ ಅವನ ಮಾತು: 'ಕಾಡು ಹೋಯ್ತು, ಕಾಡು ಹೋಯ್ತು ಅಂತ ಅಳುವವರು ನೋಡಿ. ನಾಸಾನೇ ಹೇಳ್ತಿದೆ.' ಆ ಗುಂಪಿನಲ್ಲಿ ಅಳುವವರು ಎಂದರೆ ನಾನೊಬ್ಬಳೇ. ಉಪಗ್ರಹ ಚಿತ್ರಗಳನ್ನು ಓದುವುದರಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಶರಾವತಿ ಕಣಿವೆಯ ಸುತ್ತ ಕಾಡಿನ ಅಂಚು ಎಷ್ಟು ಹಿಂದೆ ಸರಿದಿದೆ ಎನ್ನುವುದು ನನ್ನ ವಿಷಯ. ಹಬ್ಬಕ್ಕೆ ಮನೆಗೆ ಹೋದಾಗಲೆಲ್ಲ ಊಟದ ಹೊತ್ತಿಗೆ ಇದೇ ಮಾತು ತೆಗೆದು ಎಲ್ಲರ ಪಾಯಸ ಕೆಡಿಸಿದ ಖ್ಯಾತಿಯೂ ನನಗಿದೆ.

ರೇಗಿತು. ಸರಿಯಾಗಿ ಉತ್ತರ ಬರೆಯಲು ಕೂತರೆ ಅರ್ಧ ಗಂಟೆ ಬೇಕು. ಬೆಳಿಗ್ಗೆಯಷ್ಟೇ ಸಿದ್ಧಪಡಿಸಿದ್ದ ಚಿತ್ರವೊಂದು ಲ್ಯಾಪ್‌ಟಾಪಿನಲ್ಲಿ ತೆರೆದೇ ಇತ್ತು. ಯುರೋಪಿನ ಸೆಂಟಿನೆಲ್-2 ಉಪಗ್ರಹ ತೆಗೆದದ್ದು. ಲಿಂಗನಮಕ್ಕಿ ಹಿನ್ನೀರಿನಿಂದ ಪಶ್ಚಿಮಕ್ಕೆ ಘಟ್ಟ ಇಳಿಯುವವರೆಗಿನ ಪ್ರದೇಶ. ಕಾಡಿನ ನಡುವೆ ಸೀಳಿದ ರಸ್ತೆಗಳು, ಬೋಳಾದ ತುಂಡುಗಳು ಅದರಲ್ಲಿ ಚೆನ್ನಾಗಿ ಕಾಣುತ್ತಿದ್ದವು. ಅದನ್ನೇ ಗುಂಪಿಗೆ ಹಾಕಿದೆ. ಒಂದು ಪದ ಬರೆಯಲಿಲ್ಲ. ಇಸ್ಪೀಟಿನಲ್ಲಿ ಅವನು ರಾಜನನ್ನು ಇಳಿಸಿದರೆ ನಾನು ಎಕ್ಕ ಇಳಿಸಿದ ಹಾಗೆ.

ಎರಡು ಗಂಟೆಯಲ್ಲಿ ದೊಡ್ಡಪ್ಪ ಅದನ್ನು ತಮ್ಮ ನಿವೃತ್ತ ಶಿಕ್ಷಕರ ಗುಂಪಿಗೆ ಕಳಿಸಿದ್ದರು. 'ಹೊತ್ತಿ ಉರಿಯುತ್ತಿದೆ ನಮ್ಮ ಸಹ್ಯಾದ್ರಿ! ಉಪಗ್ರಹ ಕಂಡ ದೃಶ್ಯ!' ಎಂಬ ಸಾಲು ಅವರದೇ. ರಾತ್ರಿ ಹೊತ್ತಿಗೆ ಅದೇ ಚಿತ್ರ, ಅದೇ ಸಾಲು, ಜೊತೆಗೆ ಅಳುವ ಮುಖಗಳ ಒಂದು ಸಾಲನ್ನೂ ಹೊತ್ತು ಶಿರಸಿಯ ಚಿಕ್ಕಮ್ಮನಿಂದ ನನಗೇ ಬಂತು. ಮೇಯಲು ಬಿಟ್ಟ ದನ ಸಂಜೆ ಕೊಟ್ಟಿಗೆಗೆ ಮರಳಿದ ಹಾಗೆ.

ಆ ಚಿತ್ರದಲ್ಲಿ ಕೆಂಪಾಗಿದ್ದದ್ದು ಬೆಂಕಿಯಲ್ಲ, ಕಾಡು. ಅದೂ ಒಳ್ಳೆಯ ಕಾಡು. ಆರೋಗ್ಯವಾಗಿರುವ ಎಲೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಹಳ ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಉಪಗ್ರಹ ಅದನ್ನು ಅಳೆಯುತ್ತದೆ. ಕಾಣದ ಬೆಳಕನ್ನು ಪರದೆಯ ಮೇಲೆ ತೋರಿಸಬೇಕಾದರೆ ಯಾವುದಾದರೂ ಕಾಣುವ ಬಣ್ಣ ಕೊಡಲೇಬೇಕಲ್ಲ. ನಮ್ಮ ಕ್ಷೇತ್ರದ ರೂಢಿಯಲ್ಲಿ ಕೆಂಪು ಕೊಡುತ್ತೇವೆ. ಹಾಗಾಗಿ ಎಲ್ಲಿ ಮರ ದಟ್ಟವೋ ಅಲ್ಲಿ ಚಿತ್ರ ರಕ್ತಗೆಂಪು. ನೀರು ಕಪ್ಪು, ಬೋಳು ನೆಲ ಬೂದು ಮಿಶ್ರಿತ ನೀಲಿ. ಇದಕ್ಕೆ ಫಾಲ್ಸ್ ಕಲರ್ ಎನ್ನುತ್ತಾರೆ, ಹುಸಿಬಣ್ಣ. ಹುಸಿ ಎಂದರೆ ಸುಳ್ಳು ಎಂದಲ್ಲ. ಓದಲು ಬರುವವರ ನಡುವಿನ ಒಂದು ಒಪ್ಪಂದ. ಆ ಒಪ್ಪಂದ ಏನೆಂದು ನಾನು ಮನೆಯವರಿಗೆ ಹೇಳಿರಲಿಲ್ಲ.

ಫೋನ್ ಮಾಡಿ ಹೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಎಂತದೇ ಪುಟ್ಟಿ, ಕೆಂಪು ಅಂದ್ರೆ ಹಸಿರಾ? ಹಾಗಾದ್ರೆ ಅಲ್ಲೇ ಬರಿಯೂದಲ್ವಾ?' ಎಂದರು. ಆಮೇಲೆ, 'ಮೂವತ್ತೈದು ವರ್ಷ ಸಮಾಜ ಪಾಠ ಮಾಡಿದವ ನಾನು. ಸೂಚಿ ಬರೆಯದೆ ನಕ್ಷೆ ಬಿಡಿಸಿದ ಹುಡುಗರಿಗೆ ಅರ್ಧ ಮಾರ್ಕು ಕಟ್ ಮಾಡ್ತಿದ್ದೆ. ನಿಂಗೆ ಡಾಕ್ಟರೇಟ್ ಕೊಡ್ತಾರಾ?'

ಹೌದು ದೊಡ್ಡಪ್ಪ, ನನ್ನ ಗೈಡ್ ಕೂಡ ಕೊಡುವುದಿಲ್ಲ. ಪ್ರಬಂಧದ ಕರಡಿನಲ್ಲಿ ಅಳತೆಪಟ್ಟಿಯಿಲ್ಲದ ನಕ್ಷೆ ಸಿಕ್ಕರೆ ಅವರು ಪುಟವನ್ನೇ ಅಡ್ಡಗೀಟು ಹಾಕಿ ವಾಪಸ್ ಕಳಿಸುತ್ತಾರೆ. ಉತ್ತರ ಎಲ್ಲಿ, ಸೂಚಿ ಎಲ್ಲಿ, ಯಾವ ಉಪಗ್ರಹ, ಯಾವ ದಿನ, ಮೋಡ ಎಷ್ಟಿತ್ತು, ಯಾವ ಬೆಳಕಿಗೆ ಯಾವ ಬಣ್ಣ? ಇಷ್ಟು ಇಲ್ಲದೆ ಚಿತ್ರ ಇಡುವ ಹಕ್ಕೇ ನಮಗಿಲ್ಲ ಎಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಹಗಲೆಲ್ಲ ಈ ಶಿಸ್ತಿನಲ್ಲಿ ದುಡಿಯುವ ನಾನು ಸಂಜೆ ಫೋನು ಹಿಡಿದ ಕೂಡಲೆ ಅದನ್ನು ಚಪ್ಪಲಿಯ ಹಾಗೆ ಬಾಗಿಲಲ್ಲಿ ಬಿಡುತ್ತೇನೆ. ನಾನೊಬ್ಬಳೇ ಅಲ್ಲ. ನಮ್ಮ ವಿಭಾಗದ ಅರ್ಧ ಜನ ಹೀಗೆಯೇ. ಈ ಬರಹ ಜಗಳಕ್ಕೆ ನಿಂತಿರುವುದು ನಮ್ಮಂಥವರ ಜೊತೆ, ದೊಡ್ಡಪ್ಪನಂಥವರ ಜೊತೆ ಅಲ್ಲ.

ಅಣ್ಣ ಹಾಕಿದ ಹಸಿರು ನಕ್ಷೆಯೂ ಅಸಲಿಯೇ ಆಗಿತ್ತು ಎನ್ನುವುದನ್ನು ಇಲ್ಲಿ ಹೇಳಬೇಕು. 2019ರ ಫೆಬ್ರವರಿಯಲ್ಲಿ ನಾಸಾ ಪ್ರಕಟಿಸಿದ್ದು. 2000ದಿಂದ 2017ರವರೆಗಿನ ಮೋಡಿಸ್ ಉಪಕರಣದ ದತ್ತಾಂಶ ಇಟ್ಟುಕೊಂಡು ನೆಲದ ಮೇಲಿನ ಎಲೆಯ ವಿಸ್ತಾರ ಎಲ್ಲಿ ಹೆಚ್ಚಿದೆ ಎಂದು ಲೆಕ್ಕ ಹಾಕಿದ ಸಂಶೋಧನೆ. ಹೆಚ್ಚಳದಲ್ಲಿ ಚೀನಾ, ಭಾರತ ಮುಂದಿವೆ ಎನ್ನುವುದೂ ನಿಜ. ಆದರೆ ಎಲೆ ಎಂದರೆ ಕಾಡಲ್ಲ. ಭತ್ತವೂ ಎಲೆ, ಕಬ್ಬೂ ಎಲೆ. ಭಾರತದ ಹೆಚ್ಚಳದಲ್ಲಿ ಶೇಕಡಾ 82 ಬಂದಿರುವುದು ಬೆಳೆಯ ಜಮೀನಿನಿಂದ, ಕಾಡಿನಿಂದ ಬಂದದ್ದು ಶೇಕಡಾ 4.4 ಎಂದು ಅದೇ ಪ್ರಬಂಧದ ಸಾರಾಂಶದಲ್ಲೇ ಇದೆ. ಕೊಳವೆಬಾವಿ, ಗೊಬ್ಬರ, ವರ್ಷಕ್ಕೆ ಎರಡು ಮೂರು ಬೆಳೆ: ಆ ಹಸಿರಿನ ಹಿಂದಿರುವುದು ಇದು. ಅಂದರೆ ಅಂತರ್ಜಲ ಬತ್ತಿಸಿದ ಕತೆಯೊಂದು ನಮ್ಮ ಗುಂಪಿನಲ್ಲಿ ಕಾಡು ಬೆಳೆಸಿದ ಕತೆಯಾಗಿ ಮೆರೆಯಿತು. ಕಾಡಲ್ಲದ ಹಸಿರಿಗೆ ಬೆಂಕಿಯಲ್ಲದ ಕೆಂಪು ಉತ್ತರ ಕೊಟ್ಟಿತು. ಎರಡೂ ಅಸಲಿ ಚಿತ್ರ. ಯಾವ ಫ್ಯಾಕ್ಟ್‌ಚೆಕ್ ಸಂಸ್ಥೆಗೆ ಕಳಿಸಿದ್ದರೂ ಎರಡೂ ಪಾಸಾಗುತ್ತಿದ್ದವು.

ನನ್ನ ತಕರಾರು ಇರುವುದೇ ಇಲ್ಲಿ. ಚಿತ್ರದ ಬಗ್ಗೆ ನಾವು ಕೇಳುವುದು ಒಂದೇ ಪ್ರಶ್ನೆ, ಅಸಲಿಯೋ ನಕಲಿಯೋ. ನಕಲಿ ಎಂದು ಗೊತ್ತಾದರೆ ಕಳಿಸಿದವರನ್ನು ನಾಲ್ಕು ಜನರೆದುರು ನಾಚಿಸುತ್ತೇವೆ, ಅಸಲಿ ಎಂದಾದರೆ ವಾದ ಗೆದ್ದೆವೆಂದು ಎದ್ದು ಹೋಗುತ್ತೇವೆ. ಅಸಲಿ ಚಿತ್ರ ಏನನ್ನು ಹೇಳುತ್ತಿದೆ, ಏನನ್ನು ಹೇಳುತ್ತಿಲ್ಲ ಎಂಬ ಪ್ರಶ್ನೆಗೆ ಬರುವಷ್ಟರಲ್ಲಿ ಮಾತುಕತೆ ಮುಗಿದಿರುತ್ತದೆ. ಮುಗಿಸಲೆಂದೇ ತಾನೆ ಚಿತ್ರ ಹಾಕಿದ್ದು? ವಾಕ್ಯಕ್ಕೆ ಎದುರು ವಾಕ್ಯ ಬರುತ್ತದೆ, ಚಿತ್ರಕ್ಕೆ ಎದುರು ಚಿತ್ರವೇ ಬರಬೇಕು. ಉಕ್ರೇನ್ ಆಗಲಿ, ಗಾಜಾ ಆಗಲಿ, ಹವಾಮಾನ ಬದಲಾವಣೆ ಆಗಲಿ, ಲಸಿಕೆ ಆಗಲಿ, ಇಸ್ಪೀಟು ಎಲೆ ಇಳಿಸುತ್ತ ಹೋಗುತ್ತೇವೆ. ಕೊನೆಗೆ ಒಬ್ಬರು ಕೈ ಮುಗಿಯುವ ಎಮೋಜಿ ಹಾಕುತ್ತಾರೆ.

ಇದು ಫೋನಿನ ಕಾಯಿಲೆ, ಓದು ಕಡಿಮೆಯಾದವರ ಕಾಯಿಲೆ ಎಂದು ನಂಬಿರುವವರಿಗೆ ವಿಶ್ವಸಂಸ್ಥೆಯ ಕತೆ ಹೇಳಬೇಕು.

1962ರ ಅಕ್ಟೋಬರ್ 25ರಂದು ಭದ್ರತಾ ಮಂಡಳಿಯಲ್ಲಿ ಅಮೆರಿಕದ ರಾಯಭಾರಿ ಅಡ್ಲಾಯ್ ಸ್ಟೀವನ್‌ಸನ್ ಸ್ಟ್ಯಾಂಡಿನ ಮೇಲೆ ದೊಡ್ಡ ದೊಡ್ಡ ಫೋಟೊಗಳನ್ನು ನಿಲ್ಲಿಸಿದರು. ಯು-2 ಬೇಹುಗಾರಿಕಾ ವಿಮಾನ ಕ್ಯೂಬಾದ ಮೇಲೆ ಹಾರಿ ತೆಗೆದ ಚಿತ್ರಗಳು. ಸೋವಿಯತ್ ಕ್ಷಿಪಣಿಗಳು ಅಲ್ಲಿದ್ದವು, ಚಿತ್ರ ನಿಜವೇ ಹೇಳುತ್ತಿತ್ತು. ಆ ದೃಶ್ಯ ರಾಜತಾಂತ್ರಿಕರ ನೆನಪಿನಲ್ಲಿ ಎಷ್ಟು ಭದ್ರವಾಗಿ ಕೂತಿತೆಂದರೆ 2003ರ ಫೆಬ್ರವರಿ 5ರಂದು ಅದೇ ಮಂಡಳಿಯಲ್ಲಿ ಕಾಲಿನ್ ಪೊವೆಲ್ ಇರಾಕಿನ ಚಿತ್ರಗಳನ್ನು ತೆರೆದಾಗ ಎಲ್ಲರಿಗೂ ಸ್ಟೀವನ್‌ಸನ್ ನೆನಪಾದರು. ಮೇಲಿನಿಂದ ತೆಗೆದ ಬೂದು ಬಣ್ಣದ ಕಟ್ಟಡಗಳು, ಅದಕ್ಕೊಂದು ಬಾಣ, ಬಾಣದ ತುದಿಯಲ್ಲೊಂದು ಬರಹ. ಸಾಮಾನ್ಯರಿಗೆ ಈ ಚಿತ್ರಗಳನ್ನು ಓದುವುದು ಕಷ್ಟ, ನನಗೂ ಕಷ್ಟವೇ ಎಂದು ಪೊವೆಲ್ ಅಂದೇ ಒಪ್ಪಿಕೊಂಡಿದ್ದರು. ವರ್ಷಗಟ್ಟಲೆ ಅನುಭವವಿರುವ ತಜ್ಞರು ಓದಿದ್ದಾರೆ, ನಂಬಿ ಎಂದರು. ನಂಬಿದವರು ನಂಬಿದರು. ಚಲಿಸುವ ಜೈವಿಕ ಅಸ್ತ್ರ ಪ್ರಯೋಗಾಲಯಗಳ ಫೋಟೊ ಇರಲಿಲ್ಲ, ಹಾಗಾಗಿ ಕಲಾವಿದರಿಂದ ಬರೆಸಿದ ಚಿತ್ರಗಳನ್ನು ತೋರಿಸಿದರು. ಯುದ್ಧವಾಯಿತು. ದಾಸ್ತಾನೂ ಸಿಗಲಿಲ್ಲ, ಆ ಗಾಡಿಗಳೂ ಸಿಗಲಿಲ್ಲ. ಆ ಭಾಷಣ ತನ್ನ ಹೆಸರಿಗೆ ಅಂಟಿದ ಕಲೆ ಎಂದು ಪೊವೆಲ್ ಅವರೇ ಆಮೇಲೆ ಹೇಳಿಕೊಂಡರು.

ನನ್ನ ವೃತ್ತಿಯ ಕಣ್ಣಿನಿಂದ ನೋಡಿದರೆ ಇಲ್ಲಿ ಬೆಚ್ಚಿಬೀಳಿಸುವುದು ಒಂದೇ ಸಂಗತಿ. ಆ ಉಪಗ್ರಹ ಚಿತ್ರಗಳು ನಕಲಿಯಲ್ಲ. ಚಿತ್ರದಲ್ಲಿ ಕಟ್ಟಡ ಇತ್ತು, ಪಕ್ಕದಲ್ಲೊಂದು ವಾಹನವೂ ಇತ್ತು. ಆ ವಾಹನ ಎಂಥದ್ದು ಎನ್ನುವುದು ಮಾತ್ರ ಚಿತ್ರದಲ್ಲಿರಲಿಲ್ಲ, ಬಾಣದ ತುದಿಯ ಬರಹದಲ್ಲಿತ್ತು. ನೋಡಿದ್ದೇವೆ ಎಂದುಕೊಂಡವರೆಲ್ಲ ಓದಿದ್ದರು ಅಷ್ಟೆ. 1962ರಲ್ಲೂ ಅದೇ ಬಗೆಯ ಬಾಣ, ಅದೇ ಬಗೆಯ ಬರಹ. ಅಂದು ಬರಹ ನಿಜವಾಗಿತ್ತು. ಚಿತ್ರವನ್ನಷ್ಟೇ ದಿಟ್ಟಿಸಿ ನೋಡಿ ಈ ಎರಡರ ವ್ಯತ್ಯಾಸ ಹೇಳಲು ನನ್ನ ಗೈಡ್‌ಗೂ ಆಗುತ್ತಿರಲಿಲ್ಲ.

ಅದಾದ ಮೇಲಾದರೂ ಆ ಕಟ್ಟಡದವರು ಕಲಿತರೇ? 2017ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಪ್ರತಿನಿಧಿ ಮಲೀಹಾ ಲೋಧಿ ಮಹಾಸಭೆಯಲ್ಲಿ ಮುಖದ ತುಂಬ ಗಾಯಗಳಾದ ಹುಡುಗಿಯೊಬ್ಬಳ ಫೋಟೊ ಎತ್ತಿ ಹಿಡಿದು ಇದು ಕಾಶ್ಮೀರದಲ್ಲಿ ಭಾರತದ ಮುಖ ಎಂದರು. ಆ ಹುಡುಗಿ ಗಾಜಾದವಳು. ಹೈಡಿ ಲೆವೀನ್ ಎಂಬ ಛಾಯಾಗ್ರಾಹಕಿ 2014ರಲ್ಲಿ ತೆಗೆದ ಚಿತ್ರ. ನಮ್ಮ ಟಿವಿಗಳು ಒಂದು ವಾರ ಹಬ್ಬ ಮಾಡಿದವು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಗೃಹ ಸಚಿವಾಲಯದ ವಾರ್ಷಿಕ ವರದಿಯಲ್ಲಿ ಭಾರತದ ಗಡಿಗೆ ಹಾಕಿಸಿದ ದೀಪಗಳೆಂದು ಅಚ್ಚಾಗಿದ್ದದ್ದು ಸ್ಪೇನ್ ಮತ್ತು ಮೊರಾಕ್ಕೊ ನಡುವಿನ ಗಡಿಯ ಹಳೆಯ ಫೋಟೊ ಎಂದು ಬಯಲಾಗಿತ್ತು. ಆ ಹಬ್ಬ ಮಾಡಿದವರಿಗೆ ಇದು ಮರೆತೇ ಹೋಗಿತ್ತು. ಕಾಶ್ಮೀರದಲ್ಲಿ ಪೆಲೆಟ್ ತಗುಲಿ ಕಣ್ಣು ಕಳೆದುಕೊಂಡ ನಿಜವಾದ ಮಕ್ಕಳು ಇದ್ದರು. ಲೋಧಿಯವರ ಆ ಒಂದು ತಪ್ಪು ಫೋಟೊದಿಂದ ಅವರ ಮಾತು ಎತ್ತುವುದೇ ಕಷ್ಟವಾಯಿತು. ಯಾರು ಬಾಯಿ ತೆರೆದರೂ 'ಅದೂ ಗಾಜಾದ್ದಾ?' ಎನ್ನಬಹುದಿತ್ತು. ಗಾಜಾದ ಹುಡುಗಿಯ ಗಾಯವಂತೂ ಯಾರ ಲೆಕ್ಕದಲ್ಲೂ ಇರಲಿಲ್ಲ.

ಚಿತ್ರಗಳು ಹೀಗೆ ನೆಲ ಕಳೆದುಕೊಳ್ಳುವುದರ ತುತ್ತತುದಿ 2024ರ ಮೇ ಕೊನೆಯ ವಾರ. ರಫಾದ ನಿರಾಶ್ರಿತರ ಬಿಡಾರದ ಮೇಲೆ ಬಾಂಬ್ ಬಿದ್ದು ಜನ ಬೆಂದು ಹೋದ ಮೇಲೆ ಎಲ್ಲರ ಕಣ್ಣು ರಫಾದ ಮೇಲೆ ಎಂಬ ಇಂಗ್ಲಿಷ್ ಸಾಲಿನ ಚಿತ್ರವೊಂದು ಇನ್‌ಸ್ಟಾಗ್ರಾಂನಲ್ಲಿ 4 ಕೋಟಿಗೂ ಹೆಚ್ಚು ಸಲ ಹಂಚಿಕೆಯಾಯಿತು. ನಾನೂ ಹಂಚಿದೆ. ಎಐ ಬರೆದ ಚಿತ್ರ ಅದು. ಅಚ್ಚುಕಟ್ಟಾಗಿ ಸಾಲು ಹಿಡಿದ ಡೇರೆಗಳು, ಹಿಂದೆ ಹಿಮ ಹೊದ್ದ ಬೆಟ್ಟ. ರಫಾದಲ್ಲಿ ಹಿಮ ಹೊದ್ದ ಬೆಟ್ಟ! ಅಲ್ಲಿನ ಪತ್ರಿಕಾ ಛಾಯಾಗ್ರಾಹಕರು ಜೀವ ಒತ್ತೆಯಿಟ್ಟು ತೆಗೆದ ನೂರಾರು ಫೋಟೊಗಳು ಇದ್ದವು, ತೆಗೆಯುತ್ತಲೇ ಅವರಲ್ಲಿ ಎಷ್ಟೋ ಜನ ಸತ್ತಿದ್ದರು. ಅವನ್ನು ಬಿಟ್ಟು ನಾವು ರಕ್ತವಿಲ್ಲದ, ಮುಖವಿಲ್ಲದ, ಎಲ್ಲೂ ಇಲ್ಲದ ಊರಿನ ಚಿತ್ರವನ್ನು ಆರಿಸಿಕೊಂಡೆವು. ಕಣ್ಣು ರಫಾದ ಮೇಲೆ ಇಡಿ ಎಂದು ಜಗತ್ತಿಗೆ ಹೇಳಿದವರು ಯಾರೂ ರಫಾವನ್ನು ನೋಡಲಿಲ್ಲ. ಇದನ್ನು ಬರೆಯುವಾಗ ನನಗೇ ಮುಜುಗರವಾಗುತ್ತಿದೆ, ಆದರೂ ಬರೆಯಬೇಕು: ಹಂಚಿದ ಆ ಕ್ಷಣ ನನಗೆ ಏನೋ ಮಾಡಿದೆ ಎನ್ನಿಸಿತ್ತು.

ಮರುವರ್ಷದ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನದ ನಡುವೆ ಕ್ಷಿಪಣಿ ಹಾರಾಡಿದ ಆ ನಾಲ್ಕು ದಿನ ಎರಡೂ ಕಡೆಯ ಫೋನುಗಳಲ್ಲಿ ಓಡಾಡಿದ್ದು ಆರ್ಮಾ 3 ಎಂಬ ವಿಡಿಯೊ ಗೇಮಿನ ತುಣುಕುಗಳು. ಆ ಗೇಮ್ ತಯಾರಿಸಿದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿ 2022ರಲ್ಲೇ, ಉಕ್ರೇನ್ ಯುದ್ಧದ ಹೊತ್ತಿನಲ್ಲಿ, ನಮ್ಮ ಆಟವನ್ನು ಯುದ್ಧವೆಂದು ಹಂಚಬೇಡಿ, ಗುರುತಿಸುವುದು ಹೀಗೆ ಎಂದು ಕೈಪಿಡಿಯನ್ನೇ ಹೊರಡಿಸಿತ್ತು. ಚಿತ್ರ ಮಸುಕಾಗಿರುತ್ತದೆ, ರಾತ್ರಿಯಾಗಿರುತ್ತದೆ, ಓಡಾಡುವ ಮನುಷ್ಯರು ಇರುವುದಿಲ್ಲ ಎಂದೆಲ್ಲ. ಮನುಷ್ಯರಿಲ್ಲದ ಯುದ್ಧ. ರಫಾದ ಆ ಡೇರೆಗಳಲ್ಲೂ ಮನುಷ್ಯರಿರಲಿಲ್ಲ.

ವಿಜ್ಞಾನದ ಕಡೆ ಬಂದರೆ ನಮಗೆ ಇನ್ನೂ ಹೆಚ್ಚಿನ ಸೊಕ್ಕು. ಪ್ರತಿ ದೀಪಾವಳಿಗೆ ತಪ್ಪದೆ ಬರುವ 'ಬಾಹ್ಯಾಕಾಶದಿಂದ ದೀಪಾವಳಿ' ಚಿತ್ರ ನೋಡಿ ನಗುವವರು ನಾವು. ಅದು ಅಮೆರಿಕದ ನೋಆ ಸಂಸ್ಥೆಯ ವಿಜ್ಞಾನಿ ಕ್ರಿಸ್ ಎಲ್ವಿಡ್ಜ್ ಹಲವು ವರ್ಷಗಳ ರಾತ್ರಿ ಬೆಳಕನ್ನು ಒಂದರ ಮೇಲೊಂದು ಇಟ್ಟು ಮಾಡಿದ್ದು. ಬಿಳಿ ಇರುವುದು 1992ಕ್ಕೂ ಮೊದಲಿದ್ದ ದೀಪ, ಬಣ್ಣ ಇರುವುದು 2003ರವರೆಗೆ ಹೊಸದಾಗಿ ಬಂದ ದೀಪ. ಹಬ್ಬದ ಹಣತೆ ಅಲ್ಲ, ಹಳ್ಳಿಗಳಿಗೆ ಬಂದ ವಿದ್ಯುತ್ತು, ಬೆಳೆದ ಊರುಗಳು. ನಾಸಾ 2012ರಲ್ಲೇ ವಿವರಿಸಿತು. ದೀಪಾವಳಿಯ ಹೆಚ್ಚುವರಿ ಬೆಳಕು ಅಷ್ಟು ಮೇಲಿನಿಂದ ಬಹುಶಃ ಗೊತ್ತೇ ಆಗದಷ್ಟು ಅಲ್ಪ ಎಂದೂ ಹೇಳಿತು. ಆದರೆ ನನ್ನನ್ನು ಕೇಳಿದರೆ ಅಸಲಿ ಚಿತ್ರದ ಅಸಲಿ ಕತೆಯೇ ಹೆಚ್ಚು ಸೊಗಸಾದದ್ದು. ಹತ್ತು ವರ್ಷಗಳಲ್ಲಿ ಎಷ್ಟು ಮನೆಗಳಿಗೆ ಬಲ್ಬು ಬಂತು, ಎಲ್ಲಿ ಬರಲಿಲ್ಲ! ಆ ಚಿತ್ರ ಹಿಡಿದು ಒಂದು ಸಂಜೆಯೆಲ್ಲ ಮಾತಾಡಬಹುದಿತ್ತು. ನಗುವ ನಾವೂ ಮಾತಾಡಲಿಲ್ಲ. 'ಫೇಕ್' ಎಂದು ಮುದ್ರೆ ಒತ್ತಿ ಹೋದೆವು. ಅದು ಫೇಕ್ ಕೂಡ ಅಲ್ಲ ಮಾರಾಯರೆ.

ನಮ್ಮ ಕಡೆಯವರು, ಅಂದರೆ ಪರಿಸರದ ಪರವಾಗಿ ಮಾತಾಡುವವರು, ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಎಲುಬು ಚರ್ಮ ಅಂಟಿದ ಹಿಮಕರಡಿಯೊಂದು ಕಾಲೆಳೆಯುತ್ತ ನಡೆಯುವ ವಿಡಿಯೊ 2017ರ ಡಿಸೆಂಬರಿನಲ್ಲಿ ಜಗತ್ತನ್ನೇ ಅಳಿಸಿತು. ಪಾಲ್ ನಿಕ್ಲೆನ್, ಕ್ರಿಸ್ಟಿನಾ ಮಿಟರ್‌ಮೈಯರ್ ತಂಡ ಕೆನಡಾದ ಉತ್ತರದಲ್ಲಿ ಚಿತ್ರಿಸಿದ್ದು. ನ್ಯಾಷನಲ್ ಜಿಯೊಗ್ರಾಫಿಕ್ ಅದರ ಮೇಲೆ ಹವಾಮಾನ ಬದಲಾವಣೆ ಎಂದರೆ ಹೀಗಿರುತ್ತದೆ ಎಂಬ ಸಾಲು ಹಾಕಿತು. ಆ ಕರಡಿ ಯಾಕೆ ಸೊರಗಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಕಾಯಿಲೆಯೂ ಇರಬಹುದು, ಗಾಯವೂ ಇರಬಹುದು. ಮರುವರ್ಷ ಮಿಟರ್‌ಮೈಯರ್ ತಾವೇ ಇದನ್ನು ಬರೆದರು, ಪತ್ರಿಕೆಯೂ ನಾವು ಮಿತಿ ಮೀರಿದೆವು ಎಂದು ಒಪ್ಪಿತು. ಆರ್ಕ್‌ಟಿಕ್ ಸಮುದ್ರದ ಮಂಜುಗಡ್ಡೆ ಕುಗ್ಗುತ್ತಿರುವುದಕ್ಕೆ 1979ರಿಂದ ಉಪಗ್ರಹಗಳ ಸತತ ದಾಖಲೆ ಇದೆ. ಇಳಿಯುತ್ತ ಹೋಗುವ ಒಂದು ಗೆರೆ. ಆ ಗೆರೆ ಕಣ್ಣೀರು ತರಿಸುವುದಿಲ್ಲ. ಹಾಗಾಗಿ ನಾವು ಕರಡಿಯನ್ನು ಕರೆತಂದೆವು. ಕರಡಿ ಸಾಕ್ಷಿ ಹೇಳಲಾರದೆ ಕುಸಿದಾಗ ಅದರ ಜೊತೆ ಗೆರೆಯೂ ಸುಳ್ಳಾಯಿತು, ಕನಿಷ್ಠ ನಮ್ಮ ಅಣ್ಣನಂಥವರ ಪಾಲಿಗೆ. ಇಂದಿಗೂ ನಾನು ಹವಾಮಾನದ ಮಾತು ತೆಗೆದರೆ ಅವನು ಕೇಳುವುದು, 'ಕರಡಿ ಹೇಗಿದೆ?'

ಹಾಗಾದರೆ ಚಿತ್ರವೇ ಬೇಡವೆ ಎಂದು ಕೇಳುತ್ತೀರಿ. ಭೋಪಾಲದ ಆ ಮಗುವಿನ ಫೋಟೊ ಇಲ್ಲದಿದ್ದರೆ ಯೂನಿಯನ್ ಕಾರ್ಬೈಡ್ ಯಾರಿಗೆ ನೆನಪಿರುತ್ತಿತ್ತು ಎಂದೂ ಕೇಳಬಹುದು. ಸರಿಯಾದ ಪ್ರಶ್ನೆ. 1984ರ ಡಿಸೆಂಬರಿನಲ್ಲಿ ಮಣ್ಣು ಮಾಡುವ ಹೊತ್ತಿನಲ್ಲಿ ರಘು ರಾಯ್ ಕಪ್ಪು ಬಿಳುಪಿನಲ್ಲಿ, ಪಾಬ್ಲೊ ಬಾರ್ತಲೊಮಿಯು ಬಣ್ಣದಲ್ಲಿ ತೆಗೆದ, ಹೆಸರೇ ತಿಳಿಯದ ಆ ಮಗುವಿನ ಮುಖ. ಅದನ್ನು ನೋಡಿ ನಿದ್ದೆ ಕೆಟ್ಟವಳು ನಾನೂ. ಆ ಚಿತ್ರ ಗಟ್ಟಿಯಾಗಿ ನಿಂತಿರುವುದು ಇಬ್ಬರು ಮನುಷ್ಯರು ಅಲ್ಲಿ ನಿಂತಿದ್ದರು, ಎಲ್ಲಿ, ಯಾವಾಗ ಎಂದು ಹೇಳಿದರು ಎಂಬುದರಿಂದ. ಪ್ರತಿ ಡಿಸೆಂಬರ್ 3ಕ್ಕೆ ನಾವು ಅದನ್ನು ಹಂಚುತ್ತೇವೆ. ಒಳ್ಳೆಯದು. ಹಂಚುವ ನಮ್ಮಲ್ಲಿ ಎಷ್ಟು ಜನರಿಗೆ, ವಿಷಾನಿಲದ ಆ ತೊಟ್ಟಿಯನ್ನು ತಂಪಾಗಿಡಬೇಕಿದ್ದ ಶೈತ್ಯಯಂತ್ರವನ್ನು ತಿಂಗಳುಗಳ ಮೊದಲೇ ನಿಲ್ಲಿಸಿದ್ದರು ಎಂದು ಗೊತ್ತು? ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರದ ಕೊಳವೆ ಬಿಚ್ಚಿಟ್ಟಿತ್ತು ಎಂದು? 1989ರಲ್ಲಿ 47 ಕೋಟಿ ಡಾಲರಿಗೆ ವ್ಯಾಜ್ಯ ತೀರ್ಮಾನವಾದದ್ದು? ಇವು ಯಾವುವೂ ಆ ಫೋಟೊದಲ್ಲಿಲ್ಲ, ಇರಲು ಸಾಧ್ಯವೂ ಇಲ್ಲ. ನಾವು ಬರೆಯಬೇಕು. ಬರೆಯದೆ ನಲವತ್ತು ವರ್ಷ ಆ ಮಗುವಿನ ಕಣ್ಣನ್ನೇ ಮತ್ತೆ ಮತ್ತೆ ಮುಂದಿಟ್ಟು ನಮ್ಮ ಕರ್ತವ್ಯ ಮುಗಿಸಿದ್ದೇವೆ.

ಚಿತ್ರವನ್ನು ಹೇಗೆ ಮುಂದಿಡಬೇಕು ಎನ್ನುವುದಕ್ಕೆ ನನ್ನ ಕಾಲದಲ್ಲೇ ಒಂದು ಉದಾಹರಣೆ ಸಿಕ್ಕಿತು. 2019ರ ಏಪ್ರಿಲ್ 10ರಂದು ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರ ಬಂತು. ಕಿತ್ತಳೆ ಬಣ್ಣದ, ಸ್ವಲ್ಪ ಮಸುಕಾದ ಒಂದು ಬಳೆ. ನಾವು ಹಾಸ್ಟೆಲಿನಲ್ಲಿ ಉದ್ದಿನ ವಡೆ ಎಂದು ನಗಾಡಿದೆವು. ಆ ವಡೆಗೆ ಎರಡು ವರ್ಷ ಹಿಡಿದಿತ್ತು. ದೂರದರ್ಶಕಗಳು ದತ್ತಾಂಶ ಹಿಡಿದದ್ದು 2017ರ ಏಪ್ರಿಲ್‌ನಲ್ಲಿ. ಅಂತರ್ಜಾಲದಲ್ಲಿ ಕಳಿಸಲಾರದಷ್ಟು ಭಾರಿ ದತ್ತಾಂಶವಾದ್ದರಿಂದ ಹಾರ್ಡ್‌ಡಿಸ್ಕುಗಳನ್ನು ವಿಮಾನದಲ್ಲಿ ಸಾಗಿಸಿದರು, ದಕ್ಷಿಣ ಧ್ರುವದ ಡಿಸ್ಕುಗಳಿಗಾಗಿ ಅಲ್ಲಿನ ಚಳಿಗಾಲ ಕಳೆಯುವವರೆಗೆ ಕಾದರು. ಆಮೇಲೆ ಚಿತ್ರ ಮಾಡಲು ನಾಲ್ಕು ತಂಡ ಮಾಡಿಕೊಂಡರು. ಒಬ್ಬರ ಚಿತ್ರ ಇನ್ನೊಬ್ಬರು ನೋಡುವಂತಿಲ್ಲ, ಮಾತೂ ಆಡುವಂತಿಲ್ಲ. ಎಲ್ಲರಿಗೂ ಬಳೆ ಬೇಕಿತ್ತು. ಬೇಕಾದ್ದೇ ಕಂಡುಬಿಡುತ್ತದೆ ಎಂಬ ಭಯಕ್ಕೆ ಈ ಕಟ್ಟಳೆ. ನಾಲ್ಕೂ ಕಡೆ ಬಳೆಯೇ ಬಂದ ಮೇಲೂ ಚಿತ್ರವನ್ನು ಒಂಟಿಯಾಗಿ ಬಿಡಲಿಲ್ಲ, ಜೊತೆಗೆ ಆರು ಪ್ರಬಂಧ ಕಳಿಸಿದರು. ಕಿತ್ತಳೆ ಬಣ್ಣ ನಾವು ಹಚ್ಚಿದ್ದು, ಹಿಡಿದದ್ದು ರೇಡಿಯೊ ಅಲೆ ಎಂದು ಎಲ್ಲ ಕಡೆ ಹೇಳಿದರು. ಹುಸಿಬಣ್ಣವೇ. ನನ್ನ ಕೆಂಪಿನ ಹಾಗೆ. ಹೇಳಿದರು, ಅಷ್ಟೇ ವ್ಯತ್ಯಾಸ.

ಅಷ್ಟೆಲ್ಲ ಯಾರಿಗೆ ಪುರುಸೊತ್ತಿದೆ ಎನ್ನಬೇಡಿ. ಆರು ಪ್ರಬಂಧ ಯಾರೂ ಕೇಳುತ್ತಿಲ್ಲ, ನಾಲ್ಕು ವಾಕ್ಯ ಸಾಕು. ಎಲ್ಲಿಯದು, ಯಾವಾಗಿನದು, ಯಾರು ತೆಗೆದದ್ದು ಅಥವಾ ಮಾಡಿದ್ದು, ಇದರಲ್ಲಿ ಏನು ಕಾಣುವುದಿಲ್ಲ. ಕೊನೆಯ ವಾಕ್ಯವೇ ಕಷ್ಟದ್ದು, ಅದಕ್ಕಾಗಿಯೇ ಬೇಕು. ಈ ನಾಲ್ಕನ್ನು ಬರೆಯಲು ಬಾರದಿದ್ದರೆ ಆ ಚಿತ್ರ ಹಂಚುವಷ್ಟು ಆ ವಿಷಯ ನಮಗೆ ಗೊತ್ತಿಲ್ಲ ಎಂದೇ ಅರ್ಥ. ಮತ್ತು ಕನ್ನಡದಲ್ಲಿ ಬರೆಯಬೇಕು. ಇದು ಭಾಷಾಭಿಮಾನದ ಮಾತಲ್ಲ. ನಮ್ಮ ಗುಂಪುಗಳಲ್ಲಿ ಓಡಾಡುವ ನಕ್ಷೆ, ಗ್ರಾಫುಗಳ ಅಕ್ಷದ ಮೇಲಿನ ಬರಹ ಇಂಗ್ಲಿಷು, ಸೂಚಿ ಇಂಗ್ಲಿಷು, ಮೂಲ ಇಂಗ್ಲಿಷು; ನಾವು ಸೇರಿಸುವ ಕನ್ನಡ ಎಂದರೆ 'ಭೀಕರ', 'ಶಾಕಿಂಗ್', 'ಹೆಮ್ಮೆಪಡಿ'. ಜ್ಞಾನಕ್ಕೆ ಇಂಗ್ಲಿಷು, ಉದ್ವೇಗಕ್ಕೆ ಕನ್ನಡ ಎಂದು ಪಾಲು ಮಾಡಿಕೊಟ್ಟವರು ಯಾರು? ಓದಿದ ನಾವೇ. ದೊಡ್ಡಪ್ಪ ಬರೆದ 'ಹೊತ್ತಿ ಉರಿಯುತ್ತಿದೆ' ಎಂಬ ಸಾಲು ನಾನು ಖಾಲಿ ಬಿಟ್ಟ ಜಾಗದಲ್ಲಿ ಬಂದು ಕೂತದ್ದು. ಚಿತ್ರದ ಕೆಳಗಿನ ಜಾಗ ಖಾಲಿ ಉಳಿಯುವುದಿಲ್ಲ, ಯಾರಾದರೊಬ್ಬರು ತುಂಬುತ್ತಾರೆ.

ಬಿಜಿಎಲ್ ಸ್ವಾಮಿಯವರ 'ಹಸುರು ಹೊನ್ನು' ನಮ್ಮ ಮನೆಯಲ್ಲಿತ್ತು, ದೊಡ್ಡಪ್ಪನದೇ ಪ್ರತಿ. ಅದರೊಳಗಿನ ಗಿಡಗಳ ಗೆರೆಚಿತ್ರಗಳನ್ನು ಸ್ವಾಮಿಯವರೇ ಬರೆದದ್ದು. ಚಿಕ್ಕವಳಿದ್ದಾಗ ಚಿತ್ರ ನೋಡಲೆಂದು ತೆರೆದು, ಪಕ್ಕದ ಮಾತು ಓದದೆ ಚಿತ್ರ ತಿಳಿಯದೆ, ಓದುತ್ತ ಓದುತ್ತ ಪುಟ ಮುಗಿಸಿದ್ದು ನೆನಪಿದೆ. ನಾನು ಈ ಓದಿಗೆ ಬಂದದ್ದಕ್ಕೆ ಆ ಪುಸ್ತಕವೂ ಒಂದು ಕಾರಣ ಇರಬೇಕು. ಅಂಥ ಚಿತ್ರ ಬರೆಯಲು ನನಗೆ ಬರುವುದಿಲ್ಲ. ಪಕ್ಕದ ನಾಲ್ಕು ಸಾಲು ಬರೆಯಲು ಬರಬೇಕಿತ್ತು.

ಫೋನಿನ ಮರುದಿನ ಅದೇ ಚಿತ್ರವನ್ನು ಇನ್ನೊಮ್ಮೆ ಗುಂಪಿಗೆ ಹಾಕಿದೆ. ಈ ಸಲ ಸೂಚಿ, ಅಳತೆ, ತಾರೀಖು ಎಲ್ಲ ಕನ್ನಡದಲ್ಲಿ ಹಾಕಿ, ಕೆಂಪು ಯಾಕೆ ಹಸಿರು ಎಂದು ಬರೆದು, ಅಣ್ಣನ ನಕ್ಷೆಯ 82 ಮತ್ತು 4.4ರ ಲೆಕ್ಕವನ್ನೂ ಸೇರಿಸಿದೆ. ಅರ್ಧ ಗಂಟೆಯಲ್ಲ, ಒಂದೂವರೆ ಗಂಟೆ ಹಿಡಿಯಿತು. ಅಣ್ಣ ಹೆಬ್ಬೆರಳು ತೋರಿಸಿದ. ಒಪ್ಪಿದನೋ ತಳ್ಳಿಹಾಕಿದನೋ ಗೊತ್ತಾಗಲಿಲ್ಲ. ಬೇರೆ ಯಾರೂ ಮುಂದಕ್ಕೆ ಕಳಿಸಿದಂತೆ ಕಾಣಲಿಲ್ಲ. ಸುಟ್ಟ ಸಹ್ಯಾದ್ರಿ ಮಾತ್ರ ಇನ್ನೂ ಓಡಾಡುತ್ತಿದೆಯಂತೆ, ಮೊನ್ನೆ ತೀರ್ಥಹಳ್ಳಿಯ ಸ್ನೇಹಿತೆಯೊಬ್ಬಳಿಗೆ ಬಂದಿತ್ತು.

ದೊಡ್ಡಪ್ಪ ರಾತ್ರಿ ಫೋನ್ ಮಾಡಿದರು. 'ನಮ್ಮ ತೋಟ ಎಲ್ಲಿ ಇದ್ರಲ್ಲಿ?'

ಹುಡುಕಿ ಕೊಟ್ಟೆ. ಒಂದು ಚುಕ್ಕಿ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅವರ ಒಂದು ಎಕರೆ ಅಡಿಕೆ ತೋಟ ಸುಮಾರು ನಲವತ್ತು ಚುಕ್ಕಿ. ಹಳ್ಳದ ಪಕ್ಕ ಕಡುಗೆಂಪು, ಮೇಲಿನ ಮಗ್ಗುಲಲ್ಲಿ ಸ್ವಲ್ಪ ತಿಳಿ. ಫೋನಿನ ಪರದೆ ದೊಡ್ಡದು ಮಾಡಿ ನೋಡುತ್ತಿದ್ದರೆಂದು ಕಾಣುತ್ತದೆ, ಬಹಳ ಹೊತ್ತು ಮಾತಿಲ್ಲ.

'ಇದು ಯಾವ ತಿಂಗಳ್ದು?'

'ಫೆಬ್ರವರಿ.'

'ಮೇಲಿನ ಬಣ್ಣ ಬೋಳ್ಸು ಕಾಣ್ತದೆ. ಅಲ್ಲೇ ಎಲೆಚುಕ್ಕಿ ಶುರುವಾಗಿದ್ದು. ಅದು ಇದ್ರಲ್ಲಿ ಗೊತ್ತಾಗ್ತದಾ, ಅಥವಾ ನೀರು ಕಡ್ಮೆಯಾಗಿ ಹಾಗೆ ಕಾಣೂದಾ?'

ಗೊತ್ತಿಲ್ಲ ದೊಡ್ಡಪ್ಪ, ಇದೊಂದೇ ಚಿತ್ರದಲ್ಲಿ ಹೇಳಲಾಗುವುದಿಲ್ಲ ಎಂದೆ. ಹಿಂದಿನ ವರ್ಷದ್ದೂ ತೆಗೆದು ನೋಡಬೇಕು. 'ನೋಡು ಹಾಗಾದ್ರೆ' ಎಂದು ಇಟ್ಟರು. ನೋಡುತ್ತಿದ್ದೇನೆ.